ಗಾಳಿಯನ್ನು ತೂಗಿದ ಪಾಸ್ಕಲ್

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲವೂ ಬಯಲು ಸೀಮೆಯ ಊರುಗಳು. ಇಲ್ಲಿ ಬಿಸಿಲು ಹೆಚ್ಚು, ಮಳೆ ಕಡಿಮೆ. ಜೋಳದ ಹೊಲ ಮಳೆಯನ್ನು ನಂಬಿದರೆ, ನಿಂಬೆಯ ತೋಟ ಬಾವಿಯನ್ನು ನಂಬಿದೆ. ಕೊಳವೆಬಾವಿಗಳು ಹೆಚ್ಚುವ ಮುನ್ನ ಈ ಸೀಮೆಯ ತೆರೆದ ಬಾವಿಗಳಲ್ಲಿ ಒಂದು ನೋಟ ಸಾಮಾನ್ಯವಾಗಿತ್ತು. ನೀರೆತ್ತುವ ಪಂಪನ್ನು ಬಾವಿಯ ದಂಡೆಯ ಮೇಲೆ ಇಡದೆ, ಒಳಗೆ ನೀರಿಗೆ ಸಮೀಪವಾಗಿ ಕಟ್ಟೆಯನ್ನು ಕಟ್ಟಿ ಅದರ ಮೇಲೆ ಕೂರಿಸುತ್ತಿದ್ದರು. ಬೇಸಿಗೆಯಲ್ಲಿ ನೀರು ಕೆಳಗಿಳಿದಂತೆ ಪಂಪನ್ನೂ ಕೆಳಗಿಳಿಸುತ್ತಿದ್ದರು. ಅಷ್ಟು ಭಾರದ ಯಂತ್ರವನ್ನು ಹಗ್ಗ ಕಟ್ಟಿ ಇಳಿಸುವ ಕಷ್ಟವನ್ನು ರೈತರು ಏಕೆ ಪಡಬೇಕಾಗಿತ್ತು? ದಂಡೆಯ ಮೇಲೆಯೇ ಇಟ್ಟು ಉದ್ದವಾದ ಕೊಳವೆಯನ್ನು ಇಳಿಬಿಟ್ಟರೆ ಸಾಲದೇ?

ಸಾಲದು. ನೀರಿನ ಮಟ್ಟದಿಂದ ಪಂಪು ಹತ್ತು ಮೀಟರಿಗಿಂತ ಮೇಲಿದ್ದರೆ, ಅದು ಐದು ಅಶ್ವಶಕ್ತಿಯದಾಗಲಿ ಐವತ್ತು ಅಶ್ವಶಕ್ತಿಯದಾಗಲಿ, ನೀರನ್ನು ಹೀರಲಾರದು. ರೈತರು ಇದನ್ನು ಅನುಭವದಿಂದ ಅರಿತಿದ್ದರು. ಇದರ ಕಾರಣವನ್ನು ಅರಿಯಲು ಜಗತ್ತು ಬಹುಕಾಲ ಕಾಯಬೇಕಾಯಿತು. ಆ ಕಾರಣವನ್ನು ಸಂಶಯಕ್ಕೆಡೆಯಿಲ್ಲದಂತೆ ತೋರಿಸಿಕೊಟ್ಟವರಲ್ಲಿ ಅಗ್ರಗಣ್ಯನು ಫ್ರಾನ್ಸ್ ದೇಶದ ಬ್ಲೇಸ್ ಪಾಸ್ಕಲ್.

ಪಾಸ್ಕಲನು 1623ನೆಯ ಇಸವಿ ಜೂನ್ 19ರಂದು ಮಧ್ಯ ಫ್ರಾನ್ಸಿನ ಕ್ಲೆರ್ಮಾನ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಎತಿಯೆನ್ ಪಾಸ್ಕಲ್ ಕಂದಾಯ ನ್ಯಾಯಾಲಯದ ಅಧಿಕಾರಿ. ಗಣಿತದಲ್ಲಿ ಒಳ್ಳೆಯ ವಿದ್ವಾಂಸ. ಬ್ಲೇಸ್ ಮೂರು ವರ್ಷದವನಾಗಿದ್ದಾಗ ತಾಯಿ ತೀರಿಕೊಂಡಳು. ಅಕ್ಕ ಜಿಲ್ಬರ್ತ್, ತಂಗಿ ಜಾಕ್ಲಿನ್, ನಡುವೆ ಈ ನಿತ್ಯರೋಗಿ ಬಾಲಕ. ತಂದೆಯೇ ಮೂವರಿಗೂ ತಾಯಿಯಾದನು, ಗುರುವೂ ಆದನು. 1631ರಲ್ಲಿ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಸಂಸಾರವನ್ನು ಪ್ಯಾರಿಸ್ ನಗರಕ್ಕೆ ಸಾಗಿಸಿದನು. ಮಗನನ್ನು ಯಾವ ಶಾಲೆಗೂ ಕಳುಹಿಸಲಿಲ್ಲ. ಮನೆಯಲ್ಲಿಯೇ ಪಾಠ ಹೇಳಿದನು.

ಎತಿಯೆನ್‌ನ ಬೋಧನಾಕ್ರಮದಲ್ಲಿ ಒಂದು ವಿಚಿತ್ರ ನಿಯಮವಿತ್ತು. ಮಗನು ಮೊದಲು ಭಾಷೆಗಳನ್ನು ಕಲಿಯಬೇಕು. ಗಣಿತದ ರುಚಿ ಹತ್ತಿದರೆ ಉಳಿದ ಪಾಠಗಳು ಹಿಂದೆ ಬಿದ್ದಾವು ಎಂದು ಆತನು ಗಣಿತದ ಗ್ರಂಥಗಳನ್ನು ಬೀಗ ಹಾಕಿ ಇಟ್ಟನು. ಬಚ್ಚಿಟ್ಟ ವಸ್ತುವಿನ ಮೇಲೆ ಮಕ್ಕಳಿಗೆ ಆಸೆ ಹೆಚ್ಚಲ್ಲವೇ? ಹನ್ನೆರಡು ವರ್ಷದ ಬಾಲಕನು ಆಟದ ಹೊತ್ತಿನಲ್ಲಿ ಇದ್ದಿಲಿನಿಂದ ನೆಲದ ಮೇಲೆ ಗೆರೆ, ವೃತ್ತ, ತ್ರಿಕೋನಗಳನ್ನು ಬರೆಯತೊಡಗಿದನು. ಅವುಗಳ ಹೆಸರನ್ನು ಕೂಡ ಆತನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತ್ರಿಕೋನದ ಮೂರು ಕೋನಗಳನ್ನು ಕೂಡಿಸಿದರೆ ಎರಡು ಲಂಬಕೋನಗಳಾಗುತ್ತವೆ ಎಂಬುದನ್ನು ಆತನು ತಾನಾಗಿಯೇ ಕಂಡುಕೊಂಡನೆಂದು ಅಕ್ಕ ಜಿಲ್ಬರ್ತ್ ಬರೆದಿಟ್ಟಿದ್ದಾಳೆ. ಮಗನ ಬುದ್ಧಿಯನ್ನು ಕಂಡ ತಂದೆಯ ಕಣ್ಣು ತುಂಬಿತು. ಬೀಗ ತೆರೆಯಿತು, ಯೂಕ್ಲಿಡನ ರೇಖಾಗಣಿತ ಬಾಲಕನ ಕೈಗೆ ಬಂದಿತು. ಪ್ಯಾರಿಸ್ಸಿನ ವಿದ್ವಾಂಸರ ಗೋಷ್ಠಿಗೆ ತಂದೆಯ ಜೊತೆಯಲ್ಲಿ ಮಗನೂ ಹೋಗತೊಡಗಿದನು. ಹದಿನಾರರ ವಯಸ್ಸಿನಲ್ಲಿ ಆತನು ರಚಿಸಿದ ಶಂಕುಚ್ಛೇದಗಳ ಪ್ರಬಂಧವನ್ನು ಕಂಡು ಹಿರಿಯರು ಬೆರಗಾದರು.

1640ರಲ್ಲಿ ತಂದೆಗೆ ರುಆನ್ ಪಟ್ಟಣದಲ್ಲಿ ತೆರಿಗೆ ವಸೂಲಿಯ ದೊಡ್ಡ ಹುದ್ದೆ ಬಂದಿತು. ರಾತ್ರಿಯೆಲ್ಲ ದೀಪದ ಮುಂದೆ ಕುಳಿತು ಕೂಡಿಸಿ ಕಳೆಯುವ ತಂದೆಯ ಶ್ರಮವನ್ನು ನೋಡಿ ಮಗನ ಮನಸ್ಸು ನೊಂದಿತು. ಈ ಕೆಲಸವನ್ನು ಹಲ್ಲುಗಾಲಿಗಳಿಂದ ಏಕೆ ಮಾಡಿಸಬಾರದು? 1642ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಆತನು ಲೆಕ್ಕ ಮಾಡುವ ಯಂತ್ರವೊಂದನ್ನು ಯೋಜಿಸಿದನು. ಸುಮಾರು ಐವತ್ತು ಮಾದರಿಗಳನ್ನು ಮಾಡಿ, ಕೆಡಿಸಿ, ತಿದ್ದಿದ ಮೇಲೆ ಯಂತ್ರವು ಸಿದ್ಧವಾಯಿತು. ತಂದೆಯ ಮೇಲಿನ ಪ್ರೀತಿಯಿಂದ ಹುಟ್ಟಿದ ಆ ಪೆಟ್ಟಿಗೆ ಗಣಕಯಂತ್ರಗಳ ಇತಿಹಾಸದ ಮೊದಲ ಪುಟಗಳಲ್ಲಿ ಸ್ಥಾನ ಪಡೆದಿದೆ.

ಇದೇ ಕಾಲದಲ್ಲಿ ಇಟಲಿ ದೇಶದಲ್ಲಿ ನೀರೆತ್ತುವ ಪಂಪುಗಳು ವಿದ್ವಾಂಸರನ್ನು ಕಾಡುತ್ತಿದ್ದವು. ನಿಸರ್ಗವು ಶೂನ್ಯವನ್ನು ಸಹಿಸುವುದಿಲ್ಲ, ಎಲ್ಲಿ ಬರಿದಾಗುತ್ತದೆಯೋ ಅಲ್ಲಿಗೆ ಯಾವುದಾದರೂ ವಸ್ತುವು ನುಗ್ಗಿ ತುಂಬಿಕೊಳ್ಳುತ್ತದೆ ಎಂಬುದು ಅರಿಸ್ಟಾಟಲನ ಕಾಲದಿಂದ ಬಂದ ನಂಬಿಕೆ. ಕೊಳವೆಯೊಳಗಿನ ಗಾಳಿಯನ್ನು ಹೀರಿದಾಗ ನೀರು ಏರುವುದು ಆ ಅಸಹನೆಯಿಂದಲೇ ಎಂದು ಎಲ್ಲರೂ ತಿಳಿದಿದ್ದರು. ಹಾಗಿದ್ದರೆ ನೀರು ಎಷ್ಟು ಎತ್ತರಕ್ಕಾದರೂ ಏರಬೇಕಷ್ಟೆ. ಆದರೆ ಸುಮಾರು ಹತ್ತು ಮೀಟರು ಏರಿ ಅದು ನಿಂತುಬಿಡುತ್ತಿತ್ತು. ಮಹಾವಿಜ್ಞಾನಿ ಗೆಲಿಲಿಯೋ ಕೂಡ ತನ್ನ ಭಾರಕ್ಕೆ ತಾನೇ ಹರಿಯುವ ಹಗ್ಗದಂತೆ ನೀರಿನ ಕಂಬವೂ ಕಡಿದು ಬೀಳುತ್ತದೆಂದು 1638ರ ಗ್ರಂಥದಲ್ಲಿ ಊಹಿಸಿದನು.

ಗೆಲಿಲಿಯೋನ ಕೊನೆಯ ದಿನಗಳಲ್ಲಿ ಆತನ ಬಳಿಯಿದ್ದ ಟೊರಿಚೆಲ್ಲಿ ಬೇರೊಂದು ದಿಕ್ಕಿನಲ್ಲಿ ಯೋಚಿಸಿದನು. ನೀರಿಗಿಂತ ಸುಮಾರು 13.6 ಪಟ್ಟು ಭಾರವಾದ ಪಾದರಸವನ್ನು ತೆಗೆದುಕೊಂಡರೆ ಹತ್ತು ಮೀಟರಿನ ಕೊಳವೆ ಬೇಕಿಲ್ಲ. ಒಂದು ಮೀಟರಿನದೇ ಸಾಕು. 1643ರ ಸುಮಾರಿಗೆ ಫ್ಲಾರೆನ್ಸ್ ನಗರದಲ್ಲಿ ಈ ಪ್ರಯೋಗ ನಡೆಯಿತು. ಒಂದು ತುದಿ ಮುಚ್ಚಿದ ಗಾಜಿನ ಕೊಳವೆಯ ತುಂಬ ಪಾದರಸವನ್ನು ಹೊಯ್ದು, ಬಾಯಿಗೆ ಬೆರಳು ಒತ್ತಿ, ಪಾದರಸದ ಬಟ್ಟಲಿನಲ್ಲಿ ಬೋರಲು ನಿಲ್ಲಿಸಿ ಬೆರಳನ್ನು ತೆಗೆದರು. ಪಾದರಸವು ಸ್ವಲ್ಪ ಇಳಿದು ಸುಮಾರು 76 ಸೆಂಟಿಮೀಟರಿನಲ್ಲಿ ನಿಂತಿತು. ಮೇಲೆ ಬರಿದಾದ ಜಾಗ ಉಳಿಯಿತು. ಮನುಷ್ಯರು ಗಾಳಿಯೆಂಬ ಕಡಲಿನ ತಳದಲ್ಲಿ ಬಾಳುತ್ತಿದ್ದಾರೆ. ಆ ಕಡಲಿನ ಭಾರವು ಬಟ್ಟಲಿನ ಪಾದರಸವನ್ನು ಒತ್ತಿ ಕೊಳವೆಯಲ್ಲಿ ಎತ್ತಿ ಹಿಡಿದಿದೆ ಎಂದು ಟೊರಿಚೆಲ್ಲಿ ಭಾವಿಸಿದನು. ವಿಚಾರವು ಸರಿಯಾಗಿತ್ತು. ಆದರೆ ಅದನ್ನು ಪೂರ್ಣವಾಗಿ ಸ್ಥಾಪಿಸುವ ಮುನ್ನವೇ, 1647ರಲ್ಲಿ, ಆತನು ಮೂವತ್ತೊಂಬತ್ತರ ವಯಸ್ಸಿನಲ್ಲಿ ಮರಣ ಹೊಂದಿದನು.

ಈ ಪ್ರಯೋಗದ ಸುದ್ದಿ 1646ರ ಅಕ್ಟೋಬರಿನಲ್ಲಿ ರುಆನ್ ಪಟ್ಟಣದ ಪಾಸ್ಕಲರ ಮನೆಗೆ ಬಂದಿತು. ಸುದ್ದಿ ತಂದವನು ಪಿಯೆರ್ ಪೆತಿ ಎಂಬ ಸ್ನೇಹಿತ. ತಂದೆ, ಮಗ, ಸ್ನೇಹಿತ ಮೂವರೂ ಸೇರಿ ಪ್ರಯೋಗವನ್ನು ಮಾಡಿದರು. ಬ್ಲೇಸನಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ರುಆನ್ ಗಾಜಿನ ಕೆಲಸಕ್ಕೆ ಹೆಸರಾದ ಪಟ್ಟಣ. ಅಲ್ಲಿ ಆತನು ಸುಮಾರು ಹದಿನೈದು ಮೀಟರು ಉದ್ದದ ಗಾಜಿನ ಕೊಳವೆಗಳನ್ನು ಮಾಡಿಸಿದನು. ಅವುಗಳನ್ನು ಹಡಗಿನ ಕಂಬಕ್ಕೆ ಬಿಗಿದು, ನೂರಾರು ಜನರ ಮುಂದೆ, ಒಂದರಲ್ಲಿ ನೀರನ್ನೂ ಇನ್ನೊಂದರಲ್ಲಿ ಕೆಂಪು ದ್ರಾಕ್ಷಾರಸವನ್ನೂ ತುಂಬಿ ಎತ್ತಿ ನಿಲ್ಲಿಸಿದನು. ಕೊಳವೆಯ ಮೇಲ್ಭಾಗದಲ್ಲಿರುವುದು ಶೂನ್ಯವಲ್ಲ, ದ್ರವದಿಂದ ಹೊರಟ ಆವಿ ಎಂದು ವಾದಿಸುವವರಿದ್ದರು. ಹಾಗಿದ್ದರೆ ಬೇಗ ಆವಿಯಾಗುವ ದ್ರಾಕ್ಷಾರಸವು ನೀರಿಗಿಂತ ಕೆಳಗೆ ನಿಲ್ಲಬೇಕಾಗಿತ್ತು. ಅದು ನೀರಿಗಿಂತ ತುಸು ಮೇಲೆ ನಿಂತಿತು. ಏಕೆಂದರೆ ದ್ರಾಕ್ಷಾರಸವು ನೀರಿಗಿಂತ ಹಗುರ. ಹಗುರವಾದ ದ್ರವ ಎತ್ತರಕ್ಕೆ, ಭಾರವಾದ ದ್ರವ ತಗ್ಗಿಗೆ ನಿಲ್ಲುವುದಾದರೆ ಇದು ತೂಕಕ್ಕೆ ಸಂಬಂಧಿಸಿದ ಸಂಗತಿಯೇ ಸರಿ. 1647ರಲ್ಲಿ ಪಾಸ್ಕಲನು ಈ ಪ್ರಯೋಗಗಳ ಚಿಕ್ಕ ಪುಸ್ತಕವನ್ನು ಪ್ರಕಟಿಸಿದನು.

ವಾದಗಳು ಎದ್ದವು. ನೋಯೆಲ್ ಎಂಬ ವೃದ್ಧ ಪಾದ್ರಿ ಪೂರ್ವಿಕರ ಮತವನ್ನು ಹಿಡಿದು ಪಾಸ್ಕಲನನ್ನು ವಿರೋಧಿಸಿದನು. ಖ್ಯಾತ ತತ್ತ್ವಜ್ಞಾನಿ ಡೆಕಾರ್ಟೆ ಕೂಡ ಶೂನ್ಯವೆಂಬುದು ಇರಲಾರದೆಂದು ನಂಬಿದ್ದನು. ಇಪ್ಪತ್ತನಾಲ್ಕರ ಯುವಕನಿಗೆ ಇವರೆಲ್ಲ ಹಿರಿಯರು. ಆತನು ಅವರಿಗೆ ವಿನಯದಿಂದಲೇ ಉತ್ತರಿಸಿದನು. ಆದರೆ ನಿಲುವನ್ನು ಸಡಿಲಿಸಲಿಲ್ಲ. ನಿಸರ್ಗದ ವಿಷಯದಲ್ಲಿ ಹಿರಿಯರ ಮಾತಿಗಿಂತ ಪ್ರಯೋಗದ ಸಾಕ್ಷ್ಯವೇ ದೊಡ್ಡದೆಂಬುದು ಆತನ ನಿಲುವು. ಹಾಗೆಯೇ, ತನಗೆ ಸಲ್ಲದ ಕೀರ್ತಿಯನ್ನೂ ಆತನು ಬಯಸಲಿಲ್ಲ. ಟೊರಿಚೆಲ್ಲಿಯ ಪ್ರಯೋಗವನ್ನು ಪಾಸ್ಕಲನು ತನ್ನದೆಂದು ಹೇಳಿಕೊಂಡನೆಂಬ ಆಪಾದನೆ ಮುಂದೆ ಬಂದಾಗ, ಅದು ಇಟಲಿಯಲ್ಲಿ ನಡೆದುದೆಂದು ತಾನು ಮೊದಲೇ ಬರೆದಿದ್ದುದನ್ನು ನೆನಪಿಸಿ, ಆ ಗೌರವವು ಟೊರಿಚೆಲ್ಲಿಗೇ ಸಲ್ಲಬೇಕೆಂದು ಸ್ಪಷ್ಟಪಡಿಸಿದನು.

ವಾದವನ್ನು ಮುಗಿಸಲು ಒಂದೇ ದಾರಿಯಿತ್ತು. ಗಾಳಿಯು ಕಡಲಿನಂತಿದ್ದರೆ, ಕಡಲಿನಲ್ಲಿ ಮೇಲೇರಿದಂತೆ ಭಾರವು ಕಡಿಮೆಯಾಗಬೇಕು. ಬೆಟ್ಟದ ತುದಿಯಲ್ಲಿ ಪಾದರಸವು ತಗ್ಗಿಗೆ ನಿಲ್ಲಬೇಕು. ನಿಸರ್ಗಕ್ಕೆ ಶೂನ್ಯದ ಮೇಲಿನ ಅಸಹನೆಯೇ ಕಾರಣವಾದರೆ, ಬೆಟ್ಟದ ಬುಡದಲ್ಲಿ ಹೆಚ್ಚು, ತುದಿಯಲ್ಲಿ ಕಡಿಮೆ ಆಗಲು ಹೇಗೆ ಸಾಧ್ಯ? ಆದರೆ ಪ್ಯಾರಿಸ್ಸಿನ ಸುತ್ತ ಎತ್ತರದ ಬೆಟ್ಟಗಳಿಲ್ಲ. ಪಾಸ್ಕಲನಲ್ಲಿ ಬೆಟ್ಟ ಏರುವ ಕಸುವೂ ಇರಲಿಲ್ಲ. ಹುಟ್ಟೂರಾದ ಕ್ಲೆರ್ಮಾನ್ ಬಳಿ 1,465 ಮೀಟರು ಎತ್ತರದ ಪ್ಯುಯಿ ದ ದೋಮ್ ಎಂಬ ಬೆಟ್ಟವಿದೆ. ಅಕ್ಕನ ಗಂಡ ಫ್ಲೋರಿನ್ ಪೆರಿಯೆ ಆ ಊರಿನಲ್ಲಿಯೇ ಇದ್ದನು. 1647ರ ನವೆಂಬರಿನಲ್ಲಿ ಪಾಸ್ಕಲನು ಭಾವನಿಗೆ ಪತ್ರ ಬರೆದು ಈ ಪ್ರಯೋಗವನ್ನು ನಡೆಸಿಕೊಡುವಂತೆ ಬೇಡಿಕೊಂಡನು. ಕೆಲಸದ ಒತ್ತಡದಿಂದಲೂ ಹವೆಯ ತೊಂದರೆಯಿಂದಲೂ ಹಲವು ತಿಂಗಳು ಕಳೆದವು.

ಕೊನೆಗೆ 1648ರ ಸೆಪ್ಟೆಂಬರ್ 19ರಂದು ಕಾಲ ಕೂಡಿಬಂದಿತು. ಬೆಳಿಗ್ಗೆ ಎಂಟು ಗಂಟೆಗೆ ಊರಿನ ತಗ್ಗಿನಲ್ಲಿದ್ದ ಒಂದು ಮಠದ ತೋಟದಲ್ಲಿ ಪೆರಿಯೆ ಮತ್ತು ಊರಿನ ಕೆಲವು ಗಣ್ಯರು ಸೇರಿದರು. ಒಂದೇ ಅಳತೆಯ ಎರಡು ಕೊಳವೆಗಳಲ್ಲಿ ಪಾದರಸವನ್ನು ತುಂಬಿ ಬಟ್ಟಲಿನಲ್ಲಿ ನಿಲ್ಲಿಸಿದರು. ಎರಡರಲ್ಲಿಯೂ ಒಂದೇ ಎತ್ತರ. ಇಂದಿನ ಲೆಕ್ಕದಲ್ಲಿ ಸುಮಾರು 71 ಸೆಂಟಿಮೀಟರು. ಒಂದು ಕೊಳವೆಯನ್ನು ಅಲ್ಲಿಯೇ ಬಿಟ್ಟು, ದಿನವಿಡೀ ಅದನ್ನು ನೋಡುತ್ತಿರುವಂತೆ ಮಠದ ಸನ್ಯಾಸಿಯೊಬ್ಬನನ್ನು ಕೂರಿಸಿದರು. ಇನ್ನೊಂದನ್ನು ಹೊತ್ತುಕೊಂಡು ಬೆಟ್ಟವನ್ನು ಏರಿದರು. ತುದಿಯಲ್ಲಿ ಮತ್ತೆ ಪಾದರಸವನ್ನು ತುಂಬಿ ನಿಲ್ಲಿಸಿದಾಗ ಅದು 63 ಸೆಂಟಿಮೀಟರಿಗೂ ತುಸು ಕಡಿಮೆಯಾಗಿತ್ತು! ಸುಮಾರು ಎಂಟೂವರೆ ಸೆಂಟಿಮೀಟರು ಇಳಿದಿತ್ತು. ನೋಡಿದವರು ತಮ್ಮ ಕಣ್ಣುಗಳನ್ನು ತಾವೇ ನಂಬಲಿಲ್ಲ. ಗುಡಿಯ ಒಳಗೆ, ಹೊರಗೆ, ಗಾಳಿಯಲ್ಲಿ, ಮರೆಯಲ್ಲಿ, ಮಂಜಿನಲ್ಲಿ ಹೀಗೆ ಐದು ಬಾರಿ ಬೇರೆ ಬೇರೆ ಜಾಗಗಳಲ್ಲಿ ಪ್ರಯೋಗವನ್ನು ಮಾಡಿದರು. ಐದು ಬಾರಿಯೂ ಅದೇ ಎತ್ತರ. ಇಳಿಯುವಾಗ ದಾರಿಯ ನಡುವೆ ನೋಡಿದರೆ ಎರಡರ ನಡುವಣ ಎತ್ತರ. ಮಠದ ತೋಟಕ್ಕೆ ಮರಳಿದಾಗ ಮತ್ತೆ ಮೊದಲಿನ 71 ಸೆಂಟಿಮೀಟರು. ಅಲ್ಲಿಯೇ ಬಿಟ್ಟ ಕೊಳವೆಯ ಪಾದರಸವು ಇಡೀ ದಿನ ಕದಲಿರಲಿಲ್ಲ.

ಆ ಎರಡನೆಯ ಕೊಳವೆಯ ಮಹತ್ತ್ವವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅದು ಇಲ್ಲದಿದ್ದರೆ, ಹವೆ ಬದಲಾದುದರಿಂದ ಪಾದರಸ ಇಳಿದಿರಬಹುದೆಂದು ಯಾರಾದರೂ ಹೇಳಬಹುದಾಗಿತ್ತು. ಕೆಳಗಿನ ಕೊಳವೆಯು ಕದಲದೆ ನಿಂತು ಆ ಸಂಶಯದ ಬಾಯಿ ಮುಚ್ಚಿಸಿತು. ಸುದ್ದಿ ತಲುಪಿದೊಡನೆ ಪಾಸ್ಕಲನು ಪ್ಯಾರಿಸ್ಸಿನ ಸಂತ ಜಾಕ್ ಇಗರ್ಜಿಯ ಗೋಪುರದಲ್ಲಿ, ಸುಮಾರು ಐವತ್ತು ಮೀಟರು ಎತ್ತರದಲ್ಲಿ, ಪ್ರಯೋಗವನ್ನು ಮಾಡಿದನು. ಅಷ್ಟು ಎತ್ತರಕ್ಕೂ ಪಾದರಸವು ನಾಲ್ಕೈದು ಮಿಲಿಮೀಟರು ಇಳಿದಿತ್ತು.

ಈ ಪ್ರಯೋಗಗಳಿಂದ ತಿಳಿದುಬಂದುದೇನು? ಭೂಮಿಯನ್ನು ಸುತ್ತುವರಿದ ಗಾಳಿಗೆ ತೂಕವಿದೆ. ಆ ತೂಕದಿಂದಾಗಿ ಅದು ತನಗೆ ತಾಗಿದ ಎಲ್ಲ ವಸ್ತುಗಳನ್ನೂ ಎಲ್ಲ ಕಡೆಗಳಿಂದಲೂ ಒತ್ತುತ್ತದೆ. ಒಂದು ಮೇಲ್ಮೈಯ ಏಕಮಾನ ವಿಸ್ತೀರ್ಣದ ಮೇಲೆ ಲಂಬವಾಗಿ ಬೀಳುವ ಈ ಬಲವನ್ನೇ ವಾಯುಮಂಡಲದ ಒತ್ತಡ ಅಥವಾ ವಾಯುಭಾರ ಎನ್ನುತ್ತಾರೆ. ಸಮುದ್ರಮಟ್ಟದಲ್ಲಿ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೆಯೂ ಗಾಳಿಯ ಭಾರ ಸುಮಾರು ಒಂದು ಕಿಲೋಗ್ರಾಂ. ಹಾಗಾದರೆ ನೂರು ಚದರ ಸೆಂಟಿಮೀಟರಿನ ಅಂಗೈಯ ಮೇಲೆ ಒಂದು ಕ್ವಿಂಟಲ್ ಜೋಳದ ಭಾರವಿದೆ! ಆದರೂ ಕೈ ಕುಸಿಯುವುದಿಲ್ಲ. ಏಕೆಂದರೆ ಗಾಳಿಯು ಅಂಗೈಯನ್ನು ಮೇಲಿನಿಂದ ಒತ್ತುವಂತೆ ಕೆಳಗಿನಿಂದಲೂ ಅಷ್ಟೇ ಒತ್ತುತ್ತದೆ. 76 ಸೆಂಟಿಮೀಟರಿನ ಪಾದರಸದ ಕಂಬಕ್ಕೂ 10.3 ಮೀಟರಿನ ನೀರಿನ ಕಂಬಕ್ಕೂ ಒಂದೇ ಒತ್ತಡ. ಪಂಪು ನೀರನ್ನು ಎಳೆಯುವುದಿಲ್ಲ. ಅದು ಕೊಳವೆಯೊಳಗಿನ ಗಾಳಿಯನ್ನು ತೆಗೆದು ದಾರಿ ಮಾಡಿಕೊಡುತ್ತದೆ. ನೀರನ್ನು ಮೇಲಕ್ಕೆ ತಳ್ಳುವುದು ಬಾವಿಯ ಮೇಲಿನ ಗಾಳಿ. ಗಾಳಿಯ ಶಕ್ತಿ ಮುಗಿದಲ್ಲಿಗೆ ನೀರಿನ ಏರಿಕೆಯೂ ಮುಗಿಯುತ್ತದೆ.

ಪಾಸ್ಕಲನು ಇನ್ನೂ ಮುಂದೆ ಹೋದನು. ಭೂಮಿಯ ಮೇಲಿರುವ ಗಾಳಿಯೆಲ್ಲದರ ತೂಕವನ್ನು ಆತನು ಲೆಕ್ಕ ಹಾಕಿದನು. ಆ ಲೆಕ್ಕವು ಇಂದಿನ ಲೆಕ್ಕಕ್ಕಿಂತ ಬಹಳ ದೂರವಿಲ್ಲ. 1649ರಿಂದ 1651ರವರೆಗೆ ಕ್ಲೆರ್ಮಾನ್, ಪ್ಯಾರಿಸ್ ಮತ್ತು ದೂರದ ಸ್ಟಾಕ್‌ಹೋಮ್ ನಗರಗಳಲ್ಲಿ ಪಾದರಸದ ಏರಿಳಿತವನ್ನು ಬರೆದಿಡಲಾಯಿತು. ಒಂದೇ ಊರಿನಲ್ಲಿಯೂ ಹವೆ ಬದಲಾದಂತೆ ವಾಯುಭಾರವು ಬದಲಾಗುತ್ತದೆಂಬುದು ಇಂತಹ ವೀಕ್ಷಣೆಗಳಿಂದ ಗೊತ್ತಾಯಿತು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಭಾಗವನ್ನು ಒತ್ತಿದರೆ ಆ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ ಎಂಬ ನಿಯಮವನ್ನೂ ಆತನು ನಿರೂಪಿಸಿದನು. ಭಾರ ಎತ್ತುವ ಜಾಕು, ಮೋಟಾರು ವಾಹನಗಳ ಬ್ರೇಕು ಇಂದಿಗೂ ಆ ನಿಯಮದಂತೆ ಕೆಲಸ ಮಾಡುತ್ತವೆ. ಈ ವಿಷಯಗಳ ಗ್ರಂಥವು ಆತನ ಮರಣಾನಂತರ 1663ರಲ್ಲಿ ಅಚ್ಚಾಯಿತು.

1651ರಲ್ಲಿ ತಂದೆ ತೀರಿಕೊಂಡನು. ಮರುವರ್ಷವೇ ಪ್ರೀತಿಯ ತಂಗಿ ಜಾಕ್ಲಿನ್ ಸನ್ಯಾಸಿನಿಯಾಗಿ ಮಠವನ್ನು ಸೇರಿದಳು. ಪಾಸ್ಕಲನು ಒಬ್ಬಂಟಿಯಾದನು. 1654ರಲ್ಲಿ ಫೆರ್ಮಾ ಎಂಬ ಗಣಿತಜ್ಞನೊಡನೆ ನಡೆಸಿದ ಪತ್ರವ್ಯವಹಾರದಿಂದ ಸಂಭವನೀಯತೆಯ ಗಣಿತಕ್ಕೆ ಅಡಿಪಾಯ ಬಿದ್ದಿತು. ಅದೇ ವರ್ಷದ ನವೆಂಬರ್ 23ರ ರಾತ್ರಿ ಆತನಿಗೆ ಗಾಢವಾದ ದೈವಾನುಭವವಾಯಿತು. ಅದನ್ನು ಒಂದು ಹಾಳೆಯಲ್ಲಿ ಬರೆದು ಅಂಗಿಯ ಒಳಮೈಗೆ ಹೊಲಿದುಕೊಂಡು ಬಾಳಿನುದ್ದಕ್ಕೂ ಧರಿಸಿದನು. ಆತನು ಸತ್ತ ಮೇಲೆಯೇ ಅದು ಇತರರ ಕಣ್ಣಿಗೆ ಬಿದ್ದಿತು. ಅಲ್ಲಿಂದ ಮುಂದೆ ಆತನ ಮನಸ್ಸು ಹೆಚ್ಚಾಗಿ ಧರ್ಮಚಿಂತನೆಗೆ ಹೊರಳಿತು. ಮನುಷ್ಯನ ಹಿರಿಮೆ ಹಾಗೂ ದೌರ್ಬಲ್ಯಗಳನ್ನು ಕುರಿತು ಬರೆದಿಟ್ಟ ಬಿಡಿ ಬರಹಗಳು 1670ರಲ್ಲಿ ಪುಸ್ತಕವಾಗಿ ಹೊರಬಂದು ಫ್ರೆಂಚ್ ಸಾಹಿತ್ಯದ ಶ್ರೇಷ್ಠ ಕೃತಿಗಳ ಸಾಲಿಗೆ ಸೇರಿದವು.

ರೋಗವು ಆತನನ್ನು ಎಂದೂ ಬಿಡಲಿಲ್ಲ. ಆದರೂ ಪರರ ಕಷ್ಟವನ್ನು ಆತನು ಮರೆಯಲಿಲ್ಲ. ಸಾಮಾನ್ಯರು ಕಡಿಮೆ ದರದಲ್ಲಿ ಸಂಚರಿಸಲೆಂದು ಪ್ಯಾರಿಸ್ಸಿನಲ್ಲಿ ಗೊತ್ತಾದ ದಾರಿಯಲ್ಲಿ, ಗೊತ್ತಾದ ವೇಳೆಗೆ ಓಡುವ ಕುದುರೆಗಾಡಿಗಳ ಏರ್ಪಾಡನ್ನು ಸ್ನೇಹಿತರೊಡನೆ ಯೋಜಿಸಿದನು. 1662ರ ಮಾರ್ಚ್ ತಿಂಗಳಿನಲ್ಲಿ ಅದು ಪ್ರಾರಂಭವಾಯಿತು. ಇಂದಿನ ನಗರಸಾರಿಗೆಗೆ ಅದೇ ಪೂರ್ವಜ. ತನ್ನ ಮನೆಯಲ್ಲಿ ಆತನು ಒಂದು ಬಡ ಸಂಸಾರಕ್ಕೆ ಆಶ್ರಯ ಕೊಟ್ಟಿದ್ದನು. ಆ ಸಂಸಾರದ ಮಗುವಿಗೆ ಸಿಡುಬು ಬಂದಿತು. ಆತನನ್ನು ನೋಡಿಕೊಳ್ಳಲು ಬರುತ್ತಿದ್ದ ಅಕ್ಕನ ಮಕ್ಕಳಿಗೆ ಸೋಂಕು ತಗಲುವ ಭಯವಿತ್ತು. ರೋಗಿಯಾದ ಮಗುವನ್ನು ಹೊರಗೆ ಕಳುಹಿಸಲು ಆತನ ಮನಸ್ಸು ಒಪ್ಪಲಿಲ್ಲ. ತಾನೇ, ಎದ್ದು ನಡೆಯಲಾರದ ಸ್ಥಿತಿಯಲ್ಲಿಯೂ, ಸ್ವಂತ ಮನೆಯನ್ನು ಬಿಟ್ಟು ಅಕ್ಕನ ಮನೆಗೆ ಹೋದನು. ಮತ್ತೆ ಅಲ್ಲಿಂದ ಹಿಂದಿರುಗಲಿಲ್ಲ. 1662ರ ಆಗಸ್ಟ್ 19ರಂದು ತೀರಿಕೊಂಡನು. ಟೊರಿಚೆಲ್ಲಿಯಂತೆ ಆತನಿಗೂ ಆಗ ಮೂವತ್ತೊಂಬತ್ತು ವರ್ಷ.

ಆತನು ಬಳಸಿದ ಕೊಳವೆಯೇ ಮುಂದೆ ವಾಯುಭಾರಮಾಪಕವೆಂದು ಹೆಸರಾಗಿ ದೇಶದೇಶಗಳಿಗೆ ಹೋಯಿತು. ದಖ್ಖನಿನ ಪ್ರಸ್ಥಭೂಮಿಗೂ ಬಂದಿತು. 1824ರಲ್ಲಿ ಮುಂಬಯಿ ಸರಕಾರದ ಅಂಕಿಅಂಶಗಳ ಅಧಿಕಾರಿಯಾಗಿ ನೇಮಕಗೊಂಡ ಸೈಕ್ಸ್ ಎಂಬ ಸೇನಾಧಿಕಾರಿಯು ಈ ಉಪಕರಣದೊಂದಿಗೆ ದಖ್ಖನಿನಲ್ಲಿ ಸಂಚರಿಸಿದನು. ಇಲ್ಲಿ ವಾಯುಭಾರವು ಬೆಳಿಗ್ಗೆ ಒಂಬತ್ತು ಹತ್ತು ಗಂಟೆಗೆ ಏರಿ, ಸಂಜೆ ನಾಲ್ಕೈದು ಗಂಟೆಗೆ ಇಳಿದು, ರಾತ್ರಿ ಮತ್ತೆ ಏರಿ, ನಸುಕಿನಲ್ಲಿ ಮತ್ತೆ ಇಳಿಯುವುದನ್ನು ಗುರುತಿಸಿದನು. ಕಡಲಿನ ಉಬ್ಬರವಿಳಿತದಂತಹ ಈ ಸಂಗತಿಯನ್ನು ಕುರಿತ ಆತನ ಪ್ರಬಂಧವು 1835ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಿಂದ ಪ್ರಕಟವಾಯಿತು.

1971ರಲ್ಲಿ ಒತ್ತಡದ ಅಂತರರಾಷ್ಟ್ರೀಯ ಮಾನಕ್ಕೆ ಪಾಸ್ಕಲನ ಹೆಸರನ್ನಿಟ್ಟರು. ಒಂದು ಚದರ ಮೀಟರಿನ ಮೇಲೆ ಒಂದು ನ್ಯೂಟನ್ ಬಲ ಬಿದ್ದರೆ ಅದು ಒಂದು ಪಾಸ್ಕಲ್. ಸಮುದ್ರಮಟ್ಟದ ಸರಾಸರಿ ವಾಯುಭಾರ 1,01,325 ಪಾಸ್ಕಲ್. ನೂರು ಪಾಸ್ಕಲಿಗೆ ಒಂದು ಹೆಕ್ಟೊಪಾಸ್ಕಲ್. ಹವಾಮಾನದ ವರದಿಗಳಲ್ಲಿ ಕಾಣುವುದು ಈ ಮಾನವೇ. ಮಂಗಳೂರಿನ ಕಡಲ ದಂಡೆಯಲ್ಲಿ 76 ಸೆಂಟಿಮೀಟರು ನಿಲ್ಲುವ ಪಾದರಸವು 1,930 ಮೀಟರು ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಸುಮಾರು 60 ಸೆಂಟಿಮೀಟರಿಗೆ ಇಳಿಯುತ್ತದೆ. ಸಮುದ್ರಮಟ್ಟದಿಂದ ಐದಾರು ನೂರು ಮೀಟರು ಮೇಲಿರುವ ಇಂಡಿ, ಬಾಗೇವಾಡಿಗಳ ಸೀಮೆಯಲ್ಲಿ ಅದು 71–72 ಸೆಂಟಿಮೀಟರು. ಪೆರಿಯೆ ಬೆಟ್ಟ ಏರುವ ಮುನ್ನ ಮಠದ ತೋಟದಲ್ಲಿ ಕಂಡಷ್ಟೇ! ಆದ್ದರಿಂದ ಇಲ್ಲಿನ ಬಾವಿಗಳಲ್ಲಿ ಗಾಳಿಯು ನೀರನ್ನು ಎತ್ತಬಲ್ಲ ಮಿತಿ 10.3 ಮೀಟರಲ್ಲ, ಹತ್ತಕ್ಕೂ ಕಡಿಮೆ. ಕೊಳವೆಯ ಘರ್ಷಣೆ ಮುಂತಾದವುಗಳನ್ನು ಕಳೆದರೆ ಬಳಕೆಗೆ ದೊರೆಯುವುದು ಏಳು ಮೀಟರಿನಷ್ಟು ಮಾತ್ರ. ಕೊಳವೆಬಾವಿಯ ಪಂಪನ್ನು ನೀರಿನಲ್ಲಿಯೇ ಮುಳುಗಿಸಿ, ಕೆಳಗಿನಿಂದ ನೀರನ್ನು ತಳ್ಳಿಸುವುದಕ್ಕೂ ಇದೇ ಕಾರಣ.

ಹಿಂಗಾರಿನಲ್ಲಿ ಬಿಳಿಜೋಳ ಬಿತ್ತುವ ಹೊತ್ತಿಗೆ ಈ ಸೀಮೆಯ ರೈತರು ಮುಗಿಲನ್ನು ನೋಡುತ್ತಾರೆ; ರೇಡಿಯೋ ಸುದ್ದಿಗೆ ಕಿವಿಗೊಡುತ್ತಾರೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂಬ ಮಾತು ಕೇಳಿದರೆ ಅವರಲ್ಲಿ ಮಳೆಯ ಆಸೆ ಚಿಗುರುತ್ತದೆ. ಆ ಕುಸಿತವನ್ನು ಅಳೆಯುವ ವಿದ್ಯೆಗೆ ಭದ್ರವಾದ ಬುನಾದಿ ಬಿದ್ದುದು ಪ್ಯುಯಿ ದ ದೋಮ್ ಬೆಟ್ಟದ ಮೇಲೆ. ಆ ಬೆಟ್ಟವನ್ನು ಏರಿದವರು ಬೇರೆಯವರು. ಏರಿಸಿದ್ದು ಹಾಸಿಗೆ ಹಿಡಿದ ಯುವಕನೊಬ್ಬನ ವಿಚಾರ. ಕಣ್ಣಿಗೆ ಕಾಣದ ಗಾಳಿಯನ್ನು ತೂಗಿ ತೋರಿಸಿದ ಆತನು, ಎಷ್ಟೇ ಹಳೆಯದಾದ ನಂಬಿಕೆಯನ್ನಾದರೂ ಪರೀಕ್ಷಿಸಿ ನೋಡಿಯೇ ಒಪ್ಪಬೇಕೆಂಬ ದಾರಿಯನ್ನು ಹಾಕಿಕೊಟ್ಟನು. ಬಾವಿಯ ಕಟ್ಟೆಯ ಮೇಲೆ ಕುಳಿತ ಹಳೆಯ ಪಂಪೊಂದು ಕಣ್ಣಿಗೆ ಬಿದ್ದಾಗ, ವಿದ್ಯಾರ್ಥಿಗಳು ಆತನನ್ನು ನೆನೆಯುವುದು ಉಚಿತ.